ಮೇಜಿಗೆ ಬಳೆ ತೊಡಿಸಿದ ಮರುಳಸಿದ್ದಮ್ಮ

“ಕೈಗೆ ಬಳೆ ತೊಟ್ಕಂಡು ಕುಂತಿದೀಯೇನೋ?” ಎಂದು ಗಂಡಸರು ಒಬ್ಬರನ್ನೊಬ್ಬರು ಹಂಗಿಸುವುದನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ನಾನು ಹೊಳಲ್ಕೆರೆಯ ಬಳೆಗಾರ ಮುರುಗಪ್ಪ. ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಬಳೆ ಸುತ್ತಿಕೊಂಡು ಬರುತ್ತಿದ್ದ ಹಳೆಯ ಪೇಪರುಗಳ ಮೇಲೆ ಬೆರಳಿಟ್ಟು ಓದು ಕಲಿತವನು. ಆದರೆ ಹೆಣ್ಣಿನ ಕೈ ಎಂಥದ್ದು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಳೆ ಕಿತ್ತ ಕೈ, ರೊಟ್ಟಿ ಬಡಿದ ಕೈ, ಶೇಂಗಾ ಸುಲಿದ ಕೈ, ಎಲ್ಲವನ್ನೂ ಹಿಸುಕಿ ಮಡಚಿ ಬಳೆ ಏರಿಸಿದ್ದೇನೆ. ಕೈಲಾಗದ ಕೈ ಎಂಬುದನ್ನು ಅವುಗಳಲ್ಲಿ ನಾನು ಕಂಡಿಲ್ಲ. ಬಳೆ ತೊಟ್ಟ ಕೈಯನ್ನು ಹೀಯಾಳಿಸುವವನು ಒಂದು ದಿನ ನನ್ನ ಅಂಗಡಿಯಲ್ಲಿ ಕುಳಿತು ಆ ಕೈಗಳನ್ನು ಹಿಡಿದು ನೋಡಬೇಕು. ಮಾತು ಅಲ್ಲಿಗೇ ನಿಲ್ಲುತ್ತದೆ.

ಅಂಥ ಕೈಗಳಲ್ಲಿ ಒಂದರ ಕಥೆಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆ ಕೈಗೆ ನಾನು ಬಳೆ ತೊಡಿಸಿದ್ದು ಕೆಲವೇ ವರ್ಷ. ಆಮೇಲೆ ಆ ಕೈ ಹೇಳಿದ ಕಡೆಗೆಲ್ಲ ತೊಡಿಸಿದೆ.

ಮರುಳಸಿದ್ದಮ್ಮ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯ ಒಕ್ಕಲು ಮನೆಯ ಮಗಳು. ನೇಗಿಲು, ನೊಗ, ಹಗ್ಗ, ಕಣ್ಣಿಗಳ ನಡುವೆ ಬೆಳೆದವಳು. ಹೊಳಲ್ಕೆರೆಗೆ ಸೊಸೆಯಾಗಿ ಬಂದಾಗ ಅವಳ ಪಾಲಿಗೆ ಬಂದದ್ದು ಬೇರೆಯ ಲೋಕ. ಗಂಡ ಶಿವಕುಮಾರಪ್ಪ ಗಣಪತಿ ಗುಡಿಯ ದಾರಿಯಲ್ಲಿ, ನನ್ನ ಅಂಗಡಿಯ ಎದುರಿಗೇ, ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ. ಬೆಳಗಾಯಿತೆಂದರೆ ಅಲ್ಲಿಂದ ಜೋಳ ಹುರಿದ ಹಾಗೆ ಚಟಪಟ ಸದ್ದು. ಮಿಷನ್ನುಗಳ ಧೂಳು ಒರೆಸುವುದು ಸೊಸೆಯ ಕೆಲಸ. ಒರೆಸುತ್ತ ಒರೆಸುತ್ತ ದಿನಕ್ಕೊಂದು ಅಕ್ಷರ ಒತ್ತಿ ನೋಡುತ್ತಿದ್ದಳಂತೆ. ಒಂದು ಬೆಳಗ್ಗೆ ಶಿವಕುಮಾರಪ್ಪ ಬಂದು ನೋಡಿದರೆ ಹಾಳೆಯ ಮೇಲೆ ಅವನ ಹೆಸರೇ ಅಚ್ಚಾಗಿದೆ.

“ಇದ್ಯಾರು ಹೊಡೆದಿದ್ದು?” ಎಂದು ಅವನು ಕೇಳಿದ.

“ಗಂಡನ ಹೆಸ್ರು ಬಾಯಲ್ಲಿ ಹೇಳಬಾರ್ದು ಅಂತಾರೆ. ಬೆರಳಲ್ಲಿ ಹೇಳಬಾರ್ದು ಅಂತ ಯಾರಂದವ್ರೆ?”

ಶಿವಕುಮಾರಪ್ಪ ಈ ಮಾತನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಎಷ್ಟು ಸಲ ಹೇಳಿ ನಕ್ಕಿದ್ದಾನೋ. ಆಮೇಲೆ ಅವನೇ ಹೆಂಡತಿಯನ್ನು ಕೂರಿಸಿಕೊಂಡು ಕಲಿಸಿದ. ಕನ್ನಡವೂ ಆಯಿತು, ಇಂಗ್ಲಿಷೂ ಆಯಿತು. ಅವಳ ಬೆರಳು ಓಡುತ್ತಿದ್ದರೆ ಸೋನೆ ಮಳೆ ತಗಡಿನ ಮೇಲೆ ಬಿದ್ದ ಹಾಗಿರುತ್ತಿತ್ತು.

ತೊಂಬತ್ತನಾಲ್ಕರಲ್ಲಿ ಕಾಮಾಲೆ ತಿರುಗಿ ಶಿವಕುಮಾರಪ್ಪ ತೀರಿಕೊಂಡ. ಅತ್ತೆ ಹಾಲಮ್ಮ ಆ ಮನೆಯ ರೂಢಿಯಂತೆ ಸೊಸೆಯ ಕೈಬಳೆ ತೆಗೆಸಿದಳು. ತೆಗೆಸುವಾಗ ಸೊಸೆಗಿಂತ ಅತ್ತೆಯೇ ಹೆಚ್ಚು ಅತ್ತಳು. ಅಂಥ ಮನೆಯ ಹೊಸ್ತಿಲನ್ನು ಬಳೆಗಾರ ತುಳಿಯುವುದಿಲ್ಲ. ಅದೂ ರೂಢಿಯೇ.

ಶಾಲೆಗೆ ಬೀಗ ಬೀಳುತ್ತದೆ ಎಂದು ಬೀದಿಯವರೆಲ್ಲ ಅಂದುಕೊಂಡೆವು. ಕ್ರಿಯಾಕರ್ಮ ಮುಗಿದ ಮರುದಿನವೇ ಮರುಳಸಿದ್ದಮ್ಮ ಬಾಗಿಲು ತೆಗೆದು, ಕಸ ಗುಡಿಸಿ, ಮಿಷನ್ನುಗಳ ಮುಸುಕು ಸರಿಸಿದಳು. ಮೊದಲು ಗಂಡು ಹುಡುಗರೇ ಹೆಚ್ಚು ಬರುತ್ತಿದ್ದ ಶಾಲೆ ಅದು. ಟೀಚರಮ್ಮ ಕೂತಿದ್ದಾಳೆ ಎಂದ ಮೇಲೆ ಹೆಣ್ಣುಮಕ್ಕಳು ಬರತೊಡಗಿದರು. ಅವಳದೊಂದು ಕಟ್ಟುನಿಟ್ಟು: ಬಾಗಿಲಲ್ಲಿಟ್ಟ ತಟ್ಟೆಯಲ್ಲಿ ಬಳೆ ಬಿಚ್ಚಿಟ್ಟು ಒಳಗೆ ಬರಬೇಕು. “ಸದ್ದು ಮಿಷನ್ನಿಂದ ಬರ್ಲಿ, ಕೈಯಿಂದ ಬ್ಯಾಡ” ಎನ್ನುತ್ತಿದ್ದಳು. ನಾನು ರಸ್ತೆಯ ಈಚೆಯಿಂದಲೇ ಜಗಳ ತೆಗೆಯುತ್ತಿದ್ದೆ.

“ಏನವ್ವಾ ಮರುಳಸಿದ್ದಮ್ಮಾ, ನಾನು ತೊಡಿಸೋದು, ನೀನು ಬಿಚ್ಚಿಸೋದು. ಹಿಂಗಾದ್ರೆ ನನ್ನ ಅಂಗಡಿ ಗತಿ ಏನು?”

“ದಿನಾ ಬಿಚ್ಚಿ ದಿನಾ ತೊಟ್ರೆ ಒಡೀತಾವಲ್ಲ ಮುರುಗಣ್ಣ. ಒಡೆದಷ್ಟೂ ನಿನಗೇ ಯಾಪಾರ. ನನಗೆ ಕೈ ಮುಗಿ.”

ಬಾಯಿಗೆ ಬೀಗ ಹಾಕುವುದೆಂದರೆ ಹೀಗೆ.

ಕಾಲ ತಿರುಗಿತು. ಚಿತ್ರದುರ್ಗದಲ್ಲಿ, ದಾವಣಗೆರೆಯಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರ್ ಎನ್ನುವ ಮಾತು. ಟೈಪ್ ಮಿಷನ್ನುಗಳ ಮುಂದೆ ಕೂರುವವರು ಕಡಿಮೆಯಾದರು. ಉಳುವ ಹೊಲ ಮಾರಿದವರ ಹಾಗೆ ಮುಖ ಮಾಡಿಕೊಂಡು ಕೂರುವ ಹೆಂಗಸಲ್ಲ ಅವಳು. ತೊಂಬತ್ತೊಂಬತ್ತರಲ್ಲಿ ದಾವಣಗೆರೆಗೆ ಹೋಗಿ, ಯಾವುದೋ ಆಫೀಸಿನವರು ಬಳಸಿ ಬಿಟ್ಟ ಐದು ಕಂಪ್ಯೂಟರುಗಳನ್ನು ಕೊಂಡು, ಹಾಸಿಗೆಯಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿಸಿಕೊಂಡು ಬಂದಳು. ಇಳಿಸುವಾಗ ಬೀದಿಯಲ್ಲಿ ಜಾತ್ರೆ ಸೇರಿದಷ್ಟು ಜನ. “ಇಷ್ಟು ಟಿ.ವಿ. ಯಾಕವ್ವಾ?” ಎಂದು ಒಬ್ಬರು ಕೇಳಿದರೆ, “ಇವು ನೋಡೋ ಟಿ.ವಿ. ಅಲ್ಲ, ದುಡಿಯೋ ಟಿ.ವಿ.” ಎಂದಳು.

ಟೈಪ್ ಮಿಷನ್ನಿಗೆ ಇಲ್ಲದ್ದೊಂದು ಈ ಹೊಸ ಮಿಷನ್ನಿಗೆ ಇತ್ತು. ಅದೇ ಬಾಲ. ಒಂದಕ್ಕೆ ಒಂದು ಬಾಲವಲ್ಲ. ಪರದೆಗೊಂದು ವೈರು, ಪೆಟ್ಟಿಗೆಗೊಂದು, ಕೀಲಿಮಣೆಗೊಂದು, ಮೌಸ್ ಎನ್ನುವ ಇಲಿಗೊಂದು. ಕೋಣೆಯ ಒಂದೇ ಮೂಲೆಯಲ್ಲಿ ಕರೆಂಟಿನ ಬೋರ್ಡು. ಕರೆಂಟಿನ ವೈರುಗಳೆಲ್ಲ ಅಲ್ಲಿಂದ ಹೊರಟು ನೆಲದ ತುಂಬ ಕುಂಬಳ ಬಳ್ಳಿಯ ಹಾಗೆ ಹಬ್ಬಿಕೊಂಡಿದ್ದವು. ಹುಡುಗಿಯರು ಲಂಗ ಎತ್ತಿ ಹಿಡಿದು, ಹಳ್ಳ ದಾಟುವವರಂತೆ ಕಾಲಿಟ್ಟು ತಮ್ಮ ತಮ್ಮ ಜಾಗಕ್ಕೆ ಹೋಗಬೇಕಿತ್ತು.

ಈ ಬಳ್ಳಿಯೇ ಅವಳ ಬಾಳಿನ ದೊಡ್ಡ ಪರೀಕ್ಷೆಗೆ ಅಡ್ಡ ಬಂತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಲಿತದ್ದಕ್ಕೆ ಸರ್ಟಿಫಿಕೇಟು ಬೇಕೆಂದರೆ ದುರ್ಗಕ್ಕೆ ಹೋಗಿ ಪರೀಕ್ಷೆ ಕೊಡಬೇಕಿತ್ತು. ಬೆಳಗ್ಗೆಯೇ ಪರೀಕ್ಷೆ. ಹಿಂದಿನ ದಿನವೇ ಹೋಗಿ ಯಾರದಾದರೂ ಮನೆಯಲ್ಲಿ ಉಳಿಯಬೇಕು. ಹಳ್ಳಿಗಳ ಅಪ್ಪಂದಿರು ಕಲಿಯಲು ಕಳಿಸುತ್ತಿದ್ದರು, ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಪಲ್ಲವಿ ಎಂಬ ಹುಡುಗಿ ಎಲ್ಲರಿಗಿಂತ ಚುರುಕು. ಅವಳ ಅಪ್ಪ ಬಂದು ಖಡಾಖಂಡಿತ ಹೇಳಿಬಿಟ್ಟ: “ಹೊಳಲ್ಕೆರೇಲಿ ಬರೆಸಂಗಿದ್ರೆ ಬರೆಸ್ರಿ ಟೀಚರಮ್ಮ. ದುರ್ಗಕ್ಕೆ ನಾನು ಕಳ್ಸಲ್ಲ.” ಆ ಹುಡುಗಿಗೆ ಒಂದು ವರ್ಷ ಹಾಗೇ ಹೋಯಿತು. ಹೇಮಾವತಿ, ಸುಷ್ಮಿತಾ ಅವರದೂ ಇದೇ ಪಾಡು. ಎರಡು ಮಕ್ಕಳ ತಾಯಿ ಕೆಂಚಕ್ಕ ಎಂಬವಳೊಬ್ಬಳು ಮಕ್ಕಳನ್ನು ಶಾಲೆಗೆ ಬಿಟ್ಟು ಕಲಿಯಲು ಬರುತ್ತಿದ್ದಳು. ಅವಳಂತೂ ಮನೆ ಬಿಟ್ಟು ಒಂದು ರಾತ್ರಿ ಹೊರಗಿರುವ ಮಾತೇ ಇಲ್ಲ.

“ಮಕ್ಕಳು ಪರೀಕ್ಷೆ ಹತ್ರ ಹೋಗಂಗಿಲ್ಲ ಅಂದ್ರೆ, ಪರೀಕ್ಷೇನೇ ಮಕ್ಕಳ ಹತ್ರ ಬರಬೇಕು” ಎಂದು ಮರುಳಸಿದ್ದಮ್ಮ ಹಟ ಹಿಡಿದಳು. ತನ್ನ ಶಾಲೆಯನ್ನೇ ಪರೀಕ್ಷೆಯ ಕೇಂದ್ರ ಮಾಡಿ ಎಂದು ಅರ್ಜಿ ಹಾಕಿದಳು. ಎರಡು ಸಾವಿರದ ಎರಡರ ಶ್ರಾವಣದಲ್ಲಿ ತಪಾಸಣೆಗೆ ಚಿತ್ರಲಿಂಗಪ್ಪ ಎಂಬ ಸಾಹೇಬರು ಬಂದರು.

ಸಾಹೇಬರು ಒಳ್ಳೆಯವರೇ. ಕುಳಿತು ಟೀ ಕುಡಿದರು, ಹುಡುಗಿಯರ ಕೆಲಸ ನೋಡಿ ತಲೆದೂಗಿದರು. ಅವರು ಇನ್ನೇನು ಏಳಬೇಕು, ಸುಷ್ಮಿತಾ ಹಾಳೆ ತರಲು ಎದ್ದಳು, ಕಾಲಿಗೆ ವೈರು ತೊಡರಿತು. ಇಡೀ ಬೋರ್ಡಿಗೆ ಕರೆಂಟು ತರುವ ಪಿನ್ನೇ ಕಿತ್ತು ಬಂತು. ಐದೂ ಪರದೆ ಒಟ್ಟಿಗೇ ಕಪ್ಪಾದವು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಅಮ್ಮಾ, ನಿಮ್ಮ ಮಕ್ಕಳು ಚೆನ್ನಾಗಿ ಕಲ್ತಿದ್ದಾರೆ. ಆದ್ರೆ ಪರೀಕ್ಷೆ ದಿನ ಒಬ್ಬಳ ಕಾಲು ತಗುಲಿ ಐದು ಜನರ ವರ್ಷ ಹಾಳಾದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ದಸರಾ ಮುಗಿದ ಬುಧವಾರ ಇನ್ನೊಂದ್ಸಲ ಬರ್ತೀನಿ. ಅವತ್ತು ಒಂದೇ ಒಂದು ವೈರು ನೆಲದ ಮೇಲೆ ಕಂಡ್ರೂ ಈ ಆಸೆ ಬಿಟ್ಬಿಡ್ರಿ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮರುಳಸಿದ್ದಮ್ಮ ಅದನ್ನು ಒಪ್ಪಿಕೊಂಡಳು. ಒಪ್ಪಿಕೊಂಡು ಸುಮ್ಮನೆ ಕೂರಲಿಲ್ಲ.

ಮೊದಲು ಮೊಳೆ ಬಗ್ಗಿಸಿ ಹೊಡೆದು ವೈರು ಸಿಕ್ಕಿಸಿ ನೋಡಿದಳು. ಮೊಳೆ ವೈರಿನ ತೊಗಲು ಕಚ್ಚಿತು. ಹುರಿಯಿಂದ ಮೇಜಿನ ಕಾಲಿಗೆ ಬಿಗಿದಳು. ಒಂದು ಮಿಷನ್ನು ಕೈಕೊಟ್ಟರೆ ಎಲ್ಲ ಗಂಟನ್ನೂ ಕತ್ತರಿಸಬೇಕಾಯಿತು. ಹಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಹಗ್ಗವೇ ಸವಾಲು ಹಾಕಿ ನಿಂತಿತ್ತು. ಒಂದು ಬೆಳಗ್ಗೆ ಹೇಮಾವತಿ ತಟ್ಟೆಯಲ್ಲಿ ಜಾಗವಿಲ್ಲವೆಂದು ತನ್ನ ಬಳೆಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಕಳಚಿ ಬರದಿರಲಿ ಎಂದು ಅದರೊಳಗೆ ಜಡೆಯ ರಿಬ್ಬನ್ ತೂರಿಸಿದ್ದಳು. ಮರುಳಸಿದ್ದಮ್ಮ ಆ ಬಳೆಯನ್ನೇ ನೋಡುತ್ತ ನಿಂತಳಂತೆ. ರಿಬ್ಬನ್ನನ್ನು ಆಚೆಗೊಮ್ಮೆ ಎಳೆದಳು, ಈಚೆಗೊಮ್ಮೆ ಎಳೆದಳು. ಕಚ್ಚಲಿಲ್ಲ, ಗಂಟಾಗಲಿಲ್ಲ, ಜಾರಿ ಬೀಳಲೂ ಇಲ್ಲ.

ಆಮೇಲೆ ರಸ್ತೆ ದಾಟಿ ನನ್ನ ಅಂಗಡಿಗೆ ಬಂದಳು. ಗಂಡ ಹೋದ ಮೇಲೆ ಅವಳು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ಮುರುಗಣ್ಣ, ಬಳೆ ಬೇಕು.”

ನಾನು ಅವಳ ಬರಿಗೈ ನೋಡಿದೆ, ಮುಖ ನೋಡಿದೆ. “ಯಾರಿಗವ್ವಾ?”

“ಮೇಜಿಗೆ.”

“ಮೇಜಿಂದು ಕೈ ಎಷ್ಟು ದಪ್ಪ? ಎರಡು ನಾಕೋ, ಎರಡು ಆರೋ?”

“ನಗಬ್ಯಾಡ. ಅಳತೆ ತಂದೀನಿ.” ಸೆರಗಿನ ಮರೆಯಿಂದ ಒಂದು ವೈರಿನ ತಲೆ ತೆಗೆದು ನನ್ನ ಮುಂದಿಟ್ಟಳು. “ಈ ತಲೆ ತೂರಬೇಕು. ಗಾಜು ಬ್ಯಾಡ, ಪ್ಲಾಸ್ಟಿಕ್ ಕೊಡು. ಒಂದೊಂದು ಕಂಪ್ಯೂಟರಿಗೆ ಒಂದೊಂದು ಬಣ್ಣ.”

ನಾನು ಗೊಂಚಲುಗಳನ್ನು ಕೆಳಗಿಳಿಸಿದೆ. ಮದುಮಗಳಿಗೆ ಆರಿಸುವ ಹಾಗೆ ಆರಿಸಿದೆವು. ಪಲ್ಲವಿಯ ಮಿಷನ್ನಿಗೆ ಕೆಂಪು, ಹೇಮಾವತಿಯದಕ್ಕೆ ಹಸಿರು, ಸುಷ್ಮಿತಾಳದಕ್ಕೆ ಹಳದಿ, ಕೆಂಚಕ್ಕನದಕ್ಕೆ ನೀಲಿ. ತಾನು ಕೂರುವ ಮಿಷನ್ನಿಗೆ ಬಿಳಿ ತೆಗೆದುಕೊಂಡಳು. ಗೊಂಚಲು ಹೊತ್ತು ನಾನು ಅವಳ ಹಿಂದೆ ಹೊರಟೆ. ಹೊಸ್ತಿಲಲ್ಲಿ ಹಾಲಮ್ಮ ಕುಳಿತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಎದ್ದು ನಿಂತಳು.

“ಏನೇ ಇದು? ಬಳೆಗಾರ ಈ ಹೊಸ್ತಿಲು ತುಳಿದು ಎಷ್ಟು ವರ್ಷ ಆತು! ಬೀದಿ ಜನ ಏನಂದಾರು?”

“ಬೀದಿ ಜನ ಮೇಜಿನ ಕೆಳಗೆ ಬಗ್ಗಿ ನೋಡಲ್ಲ ಅತ್ತೆ. ಬಗ್ಗಿ ನೋಡೋರು ಸಾಹೇಬ್ರು ಒಬ್ರೇ. ಅವ್ರು ನೋಡ್ಲಿ ಅಂತಲೇ ತರ್ಸಿದೀನಿ.”

“ನಿನ್ನ ನಾಲಿಗೆಗೆ ಒಂದು ಬಳೆ ತೊಡಿಸ್ಬೇಕು” ಎಂದು ಗೊಣಗುತ್ತ ಮುದುಕಿ ದಾರಿ ಬಿಟ್ಟಳು.

ಚಪ್ಪಲಿ ಹೊಲಿಯುವವನ ಹತ್ತಿರದಿಂದ ತಂದ ತೊಗಲಿನ ತುಂಡುಗಳನ್ನು ಮಡಚಿ, ಒಂದೊಂದರಲ್ಲಿ ಒಂದೊಂದು ಬಳೆ ಇಟ್ಟು, ಮೇಜಿನ ಹೊಟ್ಟೆಗೆ ಮೊಳೆ ಹೊಡೆದೆವು. ಗೇಣಿಗೊಂದರಂತೆ ಬಳೆಗಳ ಸಾಲು ಮೂಲೆಯ ಬೋರ್ಡಿನವರೆಗೂ ಹೋಯಿತು. ವೈರುಗಳನ್ನು ಒಂದೊಂದಾಗಿ ತೂರಿಸಿದೆವು. ಹತ್ತಿರದ ಮಿಷನ್ನಿಗೆ ಗಿಡ್ಡ ವೈರು, ದೂರದ್ದಕ್ಕೆ ಉದ್ದದ್ದು. ಹಳೆಯ ಮಾಲಾದ್ದರಿಂದ ಯಾವ ವೈರಿನ ತಲೆ ಯಾವ ಮಿಷನ್ನಿಗೆ ಗಟ್ಟಿಯಾಗಿ ಕೂರುತ್ತದೋ ಅದನ್ನೇ ಅದಕ್ಕೆ ಹಾಕಬೇಕಿತ್ತು. ಎತ್ತಿಗೂ ಅದರ ಗೂಟಕ್ಕೂ ಹೊಂದಿಕೆ ಇರುವ ಹಾಗೆ. ಎಲ್ಲ ಮುಗಿದ ಮೇಲೆ ನೆಲ ಸಾರಿಸಿದ ಕಣದ ಹಾಗೆ ಚೊಕ್ಕಟ. ಕೆಂಚಕ್ಕ ಕುರ್ಚಿಯಲ್ಲಿ ಕುಳಿತು ಚಿಕ್ಕ ಹುಡುಗಿಯಂತೆ ಕಾಲು ಬೀಸಿದಳು. “ಅಕ್ಕಾ, ಕಾಲಿಗೆ ಏನೂ ಸಿಗವಲ್ದು!”

ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಮೇಜಿನ ಕೆಳಗೆ ಬಗ್ಗಿ ನೋಡಿ ಹೋದರು. ನಾನೂ ನನ್ನ ಅಂಗಡಿಗೆ ಬಂದವರಿಗೆ, “ಹೋಗಿ ನೋಡ್ಕಂಡು ಬರ್ರಿ, ಬಳೆ ನಮ್ಮವೇ” ಎಂದು ಕಳಿಸುತ್ತಿದ್ದೆ.

ಇಷ್ಟಕ್ಕೆ ನಿಂತಿದ್ದರೆ ಈ ಕಥೆ ಸಣ್ಣದಾಗುತ್ತಿತ್ತು. ನಡುವೆ ಆಯುಧಪೂಜೆ ಬಂತು.

ಹಿಂದಿನ ವರ್ಷಗಳಲ್ಲಿ ಕಂಪ್ಯೂಟರುಗಳ ನೆತ್ತಿಗೆ ಒಂದು ಕುಂಕುಮದ ಬೊಟ್ಟು ಇಟ್ಟು ಕೈ ಮುಗಿದರೆ ಪೂಜೆ ಆಗಿಹೋಗುತ್ತಿತ್ತು. ಆ ವೈರಿನ ಪೊದೆಗೆ ಕೈ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಈ ಸಲ ಪೊದೆ ಇಲ್ಲ, ಸಾಲು ಸಾಲು ಬಳೆ. ಮರುಳಸಿದ್ದಮ್ಮನ ಎದೆ ಉಬ್ಬಿತ್ತು. “ನಮ್ಮಪ್ಪನ ಮನೇಲಿ ನೇಗಿಲು, ನೊಗ ಅಷ್ಟೇ ಅಲ್ಲ, ಹಗ್ಗ, ಕಣ್ಣಿ, ಬಾರುಕೋಲು, ಎಲ್ಲಾ ಬಿಚ್ಚಿ ಒರೆಸಿ ಒಂದ್ಕಡೆ ಗುಡ್ಡೆ ಹಾಕಿ ಪೂಜೆ ಮಾಡ್ತಿದ್ವಿ. ದುಡಿದ ಹಗ್ಗಕ್ಕೂ ಒಂದು ದಿನ ಮರ್ಯಾದೆ ಬ್ಯಾಡ್ವಾ? ಬಿಚ್ರಿ ಎಲ್ಲಾನೂ” ಎಂದಳು.

“ಮೇಡಂ, ಮತ್ತೆ ಹಾಕಾಕೆ ಗೊತ್ತಾಗುತ್ತಾ?” ಎಂದು ಪಲ್ಲವಿ ಕೇಳಿದಳು.

“ಬಳೆ ಇದ್ದಲ್ಲೇ ಅವೆ. ದಾರಿ ಇದ್ಮೇಲೆ ಗಾಡಿ ಹೋಗಲ್ವೇನೇ?”

ಸೋಮವಾರ ಪೂಜೆ. ಅವರವರ ಮಿಷನ್ನಿನ ವೈರುಗಳನ್ನು ಅವರವರೇ ಬಿಚ್ಚಿ, ಬಟ್ಟೆಯಿಂದ ಒರೆಸಿ, ಪೂಜೆಯ ಗುರುತು ಹಚ್ಚಿ ಮಣೆಯ ಮೇಲಿಟ್ಟರು. ಬಾಳೆಯ ಕಂದು, ಚೆಂಡುಹೂವು, ಬೂದುಗುಂಬಳ, ನಡುವೆ ವೈರಿನ ಗುಡ್ಡೆ. ನಾನೂ ಮಂಗಳಾರತಿ ತೆಗೆದುಕೊಂಡು ಬಂದೆ.

ಮಾರನೆಯ ದಿನ ವಿಜಯದಶಮಿ. ಪೂಜೆಗಿಟ್ಟದ್ದನ್ನು ಕದಲಿಸಿ, ತಿರುಗಿ ಕೆಲಸಕ್ಕೆ ಹಚ್ಚುವ ದಿನ. ಆದರೆ ಆ ವರ್ಷ ವಿಜಯದಶಮಿ ಮಂಗಳವಾರ ಬಿದ್ದಿತ್ತು. ಮರುಳಸಿದ್ದಮ್ಮ ಮಣೆಯ ಹತ್ತಿರ ಹೋಗುವಷ್ಟರಲ್ಲಿ ಹಾಲಮ್ಮ ಕೋಲು ಅಡ್ಡ ಹಿಡಿದಳು.

“ಮಂಗಳವಾರ ಪೂಜೆ ಕದಲಿಸ್ತಾರೇನೇ? ಮನೆ ಲಕ್ಷ್ಮಿ ಎದ್ದು ಹೋಗ್ತಾಳೆ. ನಾಳೆ ಬೆಳಿಗ್ಗೆ ತಕ್ಕಂಡ್ರಾತು.”

“ನಾಳೆ ಸಾಹೇಬ್ರು ಬರ್ತಾರೆ ಅತ್ತೆ.”

“ಬರ್ಲಿ. ಅವ್ರ ಬಸ್ಸು ಬರೋದು ಹೊತ್ತೇರಿದ ಮೇಲೆ. ಸೂರ್ಯ ಅದಕ್ಕಿಂತ ಮೊದ್ಲೇ ಬರ್ತಾನೆ.”

ಹಿರಿಯರ ಮಾತು ಮೀರಲಿಲ್ಲ. ಬಳೆಗಳು ದಾರಿ ತೋರಿಸುತ್ತವೆಂಬ ಧೈರ್ಯವೂ ಇತ್ತು.

ಬುಧವಾರ ಬೆಳಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಎದುರಿನಿಂದ ಕೆಂಚಕ್ಕನ ಕೂಗು ಕೇಳಿತು. “ಮುರುಗಣ್ಣೋ, ಬರ್ರಿ ಬೇಗ! ಎಲ್ಲಾ ಕಲಸುಮೇಲೋಗರ ಆಗೈತೆ!”

ಹೋಗಿ ನೋಡಿದೆ. ಗುಡ್ಡೆಯನ್ನು ನೆಲಕ್ಕೆ ಸುರಿದುಕೊಂಡು ಎಲ್ಲರೂ ಸುತ್ತ ಕುಳಿತಿದ್ದರು. ಬಳೆಗೇನೋ ಬಣ್ಣವಿತ್ತು, ವೈರಿಗೆ ಎಲ್ಲಿತ್ತು? ಎಲ್ಲವೂ ಕಪ್ಪು. ಹತ್ತಿರದ ಮಿಷನ್ನಿನ ಗಿಡ್ಡ ವೈರನ್ನು ದೂರದ ಬಳೆಗಳಲ್ಲಿ ತೂರಿಸಿ ಅದು ಸಾಲದೆ ಎಳೆದು ತೆಗೆದಿದ್ದರು. ಉದ್ದದ್ದನ್ನು ಹತ್ತಿರದ್ದಕ್ಕೆ ಹಾಕಿ ಅದು ನೆಲಕ್ಕೆ ಜೋತುಬಿದ್ದಿತ್ತು. ಒಂದರ ತಲೆ ಇನ್ನೊಂದರ ಬಾಯಿಗೆ ಸಡಿಲ. ಪಲ್ಲವಿಯ ಕಣ್ಣಲ್ಲಿ ನೀರು. ಮರುಳಸಿದ್ದಮ್ಮ ಒಂದು ವೈರನ್ನು ಕೈಯಲ್ಲಿ ಹಿಡಿದು ತೂಕ ನೋಡುವವಳಂತೆ ಕುಳಿತಿದ್ದಳು. ಅವಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

“ನನ್ನಿಂದ ಆತು ಅಂತೀರಾ ಎಲ್ಲಾರೂ?” ಎಂದು ಹಾಲಮ್ಮ ತಾನೇ ಮಾತು ತೆಗೆದಳು. ಯಾರೂ ಏನೂ ಅಂದಿರಲಿಲ್ಲ. ಸುಮ್ಮನಿರಲಾರದೆ ಮುದುಕಿ ನೆಲಕ್ಕೆ ಕುಳಿತು ಒಂದು ವೈರನ್ನು ಕಣ್ಣಿನ ಹತ್ತಿರ ಹಿಡಿದಳು. ಹಿಡಿದವಳೇ ಸಿಡುಕಿದಳು. “ಇದ್ಯಾವಳೇ ನಾಮ ಎಳೆದಿರೋದು? ವಿಭೂತಿ ಮನೇಲಿ ನಾಮ ಹೆಂಗೆ ಬಂತು?”

“ನಾನು ಕಣಜ್ಜಿ” ಎಂದಳು ಸುಷ್ಮಿತಾ ಅಂಜುತ್ತ. “ನಮ್ಮ ಮನೆದೇವ್ರು ದೇವಪುರದ ನರಸಿಂಹಸ್ವಾಮಿ. ನಮ್ಮಲ್ಲಿ ಒನಕೆಗೂ ನಾಮಾನೇ ಹಾಕೋದು.”

“ಹಾಕ್ಕಳವ್ವ, ನಿಮ್ಮ ದೇವ್ರು ನಿಮಗೆ. ಆದ್ರೆ ಈ ಬೇವಿನ ಎಲೆ ಯಾರದು?”

“ನಂದು” ಎಂದಳು ಕೆಂಚಕ್ಕ. “ನಮ್ಮ ಮನೆದೇವ್ರು ಅಮ್ಮನಿಗೆ ಬೇವು ಇಲ್ದೆ ಪೂಜೆ ಮುಟ್ಟಲ್ಲ.”

ಮರುಳಸಿದ್ದಮ್ಮ ಥಟ್ಟನೆ ತಲೆಯೆತ್ತಿದಳು. ಅತ್ತೆಯ ಕೈಯಿಂದ ವೈರು ತೆಗೆದುಕೊಂಡು ಬೆಳಕಿಗೆ ಹಿಡಿದಳು. “ಅತ್ತೆ, ಇನ್ನೊಂದ್ಸಲ ಬಯ್ರಿ. ಎಲ್ಲಾ ವೈರಿಗೂ ಬಯ್ರಿ!”

ಮುದುಕಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳನ್ನು ಹಿಡಿಯುವವರಿಲ್ಲ. “ನಾಮ, ಈ ಕಡೆ! ಬೇವು, ಆ ಕಡೆ! ಇದು ಅರಿಶಿಣ ಮೆತ್ತಿ ಮೇಲೆ ಕುಂಕುಮ ಇಟ್ಟಿರೋದು, ಯಾರೇ?” “ನಂದಜ್ಜಿ” ಎಂದು ಹೇಮಾವತಿ ಬಾಚಿಕೊಂಡಳು. ಮಣೆಯ ಮೇಲೆ ಮನೆಮನೆಯ ದೇವರು ಗುರುತು ಇಟ್ಟು ಹೋಗಿದ್ದ. ಕೊನೆಗೆ ವಿಭೂತಿಯವು ಉಳಿದವು. ಅವು ಇಬ್ಬರವು, ಪಲ್ಲವಿಯವು ಮತ್ತು ಮರುಳಸಿದ್ದಮ್ಮನವು. ಎರಡರ ಮೇಲೂ ಮೂರು ಗೆರೆ. ಎಲ್ಲರೂ ನನ್ನತ್ತ ನೋಡಿದರು. ಕೈ ನೋಡುವುದು ನನ್ನ ಕಸುಬು ತಾನೇ? ಕಡ್ಡಿಯಂಥ ಗೆರೆ ಎಳೆದದ್ದು ಪಲ್ಲವಿಯ ಬೆರಳು. ಅಗಲವಾಗಿ, ಒತ್ತಿ, ದಂಡಿಯಾಗಿ ಮೆತ್ತಿದ್ದು ವರ್ಷಾನುಗಟ್ಟಲೆ ಟೈಪ್ ಹೊಡೆದ ಬೆರಳು. ಅದರಲ್ಲಿ ನನಗೆ ಅನುಮಾನವೇ ಬರಲಿಲ್ಲ.

ಅಲ್ಲಿಂದ ಕೆಲಸ ಹೂವಿನ ಸರ ಎತ್ತಿದ ಹಾಗೆ ಸಾಗಿತು. ನಾನು ಮೇಜಿನ ಕೆಳಗೆ ಅಂಗಾತ ಮಲಗಿದೆ. ಬೆರಳು ಮಡಚಿ ಬಳೆ ಏರಿಸುವ ಹಾಗೆ ವೈರಿನ ತಲೆ ವಾರೆ ಮಾಡಿ ಒಂದೊಂದೇ ಬಳೆಯಲ್ಲಿ ನುಗ್ಗಿಸಿದೆ. ಕೆಂಚಕ್ಕ ಒಂದು ತುದಿ ಎಳೆಯುತ್ತಿದ್ದಳು. “ಮೆಲ್ಲಗೆ ಮುರುಗಣ್ಣ, ಮದುಮಗಳಿಗೆ ನೋವಾದೀತು” ಎಂದು ನಗುತ್ತಿದ್ದಳು. ಹುಡುಗಿಯರು ತಮ್ಮ ತಮ್ಮ ವೈರಿನ ಮೇಲಿನ ಅರಿಶಿಣ, ನಾಮ, ವಿಭೂತಿಗಳನ್ನು ಒಣಬಟ್ಟೆಯಿಂದ ಒರೆಸಿ ಒರೆಸಿ ಕೊಡುತ್ತಿದ್ದರು. ಕೊನೆಯ ವೈರು ಬಿಳಿ ಬಳೆ ದಾಟಿತು. ನಾನು ಮೈ ಕೊಡವಿಕೊಂಡು ಏಳುತ್ತಿದ್ದೆ. ಬಾಗಿಲಲ್ಲಿ ಚಿತ್ರಲಿಂಗಪ್ಪ ಸಾಹೇಬರು ಚಪ್ಪಲಿ ಬಿಡುತ್ತಿದ್ದರು.

ಈ ಸಲ ಅವರು ಟೀ ಬೇಡವೆಂದರು. ನೆಲ ನೋಡಿದರು. ಖುದ್ದಾಗಿ ಒಂದು ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದರು, ಆಡಿಸಿದರು. ಮುಂದಿನ ಕುರ್ಚಿಗೆ ಹೋದರು. ಆಮೇಲೆ ನಿಧಾನವಾಗಿ ಬಗ್ಗಿ ಮೇಜಿನ ಕೆಳಗೆ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಏನಮ್ಮಾ ಇದು? ಬಳೆನಾ?”

“ಹೌದು ಸಾರ್. ನಮ್ಮ ಮುರುಗಣ್ಣನ ಅಂಗಡಿವು.”

“ನನ್ನ ಸರ್ವೀಸಲ್ಲಿ ಬಳೆ ತೊಟ್ಟ ಮೇಜು ನೋಡಿದ್ದು ಇದೇ ಮೊದ್ಲು.” ಒಂದು ವೈರನ್ನು ಬೆರಳಿಂದ ಎಳೆದು ನೋಡಿದರು. ಬಿಟ್ಟರು. ಅದು ತನ್ನ ಜಾಗಕ್ಕೆ ಹೋಗಿ ಕೂತಿತು. “ಸರಿ, ಎಲ್ಲಾ ಒಟ್ಟಿಗೆ ಹಾಕಿ ನೋಡಾಣ.”

ಹೇಮಾವತಿ ಸ್ವಿಚ್ ಒತ್ತಿದಳು. ಕೆಂಪು ಬಳೆಯದು ಎದ್ದಿತು. ಹಸಿರಿನದು ಎದ್ದಿತು. ಹಳದಿ, ನೀಲಿ ಎದ್ದವು. ಬಿಳಿ ಬಳೆಯ ಮಿಷನ್ನು ಮಾತ್ರ ಕಣ್ಣು ಬಿಡಲಿಲ್ಲ. ಮತ್ತೆ ಒತ್ತಿದರೂ ಇಲ್ಲ. ಮರುಳಸಿದ್ದಮ್ಮ ಮುಂದೆ ಬಂದಳು.

“ಅದು ಇವತ್ತು ಏಳಲ್ಲ ಸಾರ್. ಆಯುಧಪೂಜೇಲಿ ನಾನೇ ಅದರ ವೈರು ಕೂರೋ ತೂತಿಗೆ ವಿಭೂತಿ ಜಾಸ್ತಿ ಮೆತ್ತಿದೀನಿ. ಮಕ್ಕಳವು ನಾಕೂ ಎದ್ದವೆ ನೋಡ್ರಿ. ಎದ್ದಿಲ್ಲದ್ದು ನಂದು. ಪರೀಕ್ಷೆ ಬರೆಯೋಳು ನಾನಲ್ಲ.”

ಸಾಹೇಬರು ಅವಳನ್ನೇ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟರು. “ನಾಕು ಸಾಕಮ್ಮಾ. ನಾಕು ನಾಕು ಜನರನ್ನ ಕೂರಿಸಿ ಬರೆಸ್ರಿ. ಹೊಳಲ್ಕೆರೆಗೆ ಕೇಂದ್ರ ಕೊಡೋದಕ್ಕೆ ನನ್ನದೇನೂ ಅಡ್ಡಿ ಇಲ್ಲ.”

ಪಲ್ಲವಿ ಈಗ ಅತ್ತದ್ದು ಬೇರೆಯ ಅಳು. ಹಾಲಮ್ಮ ಸಾಹೇಬರಿಗೆ, “ಕುಂತ್ಕಳ್ರಿ, ಈಗಾದ್ರೂ ಟೀ ಕುಡೀರಿ. ಪೂಜೆ ಪ್ರಸಾದ ಐತೆ” ಎಂದು ಚುರುಮುರಿ, ಬಾಳೆಹಣ್ಣು ತಂದಿಟ್ಟಳು. ಎರಡು ದಿನದ ಮೇಲೆ ದಾವಣಗೆರೆಯಿಂದ ಬಂದ ಮೆಕ್ಯಾನಿಕ್ಕು ಬ್ರಷ್ಷಿನಲ್ಲಿ ಬೂದಿ ಕೆರೆದದ್ದೇ ತಡ, ಬಿಳಿ ಬಳೆಯದೂ ಎದ್ದು ಕೂತಿತು.

ಮಾರನೆಯ ವರ್ಷದ ಮೊದಲಲ್ಲಿ ಪರೀಕ್ಷೆ ಹೊಳಲ್ಕೆರೆಗೇ ಬಂತು. ಅವತ್ತು ನಮ್ಮ ಬೀದಿಗೆ ಒಂದು ಕಳೆ ಬಂದಿತ್ತು. ಸುತ್ತಮುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಂದರು. ಪಲ್ಲವಿಯ ಅಪ್ಪ ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು, ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತ. ಬಾಗಿಲಲ್ಲಿ ಬಳೆಯ ತಟ್ಟೆ ಕಾಯಲು ಹಾಲಮ್ಮ ಕುಳಿತಿದ್ದಳು. ಹೊಸಬಳೊಬ್ಬಳು, “ಒಳಗೆ ಬಳೆ ಹಾಕಂಗಿಲ್ವಾ ಅಜ್ಜಿ?” ಎಂದು ಕೇಳಿದಳು. ಮುದುಕಿ ಗತ್ತಿನಿಂದ ಹೇಳಿದಳು: “ಒಳಗೆ ಮೇಜುಗಳು ಹಾಕ್ಕಂಡವೆ. ನಿಂದು ಇಲ್ಲಿಡು, ನಾನು ಕಾಯ್ತೀನಿ.”

ಆಮೇಲೆ ಬಾಗಿಲು ಮುಚ್ಚಿತು. ನಾವು ಈಚೆ ಕಟ್ಟೆಯ ಮೇಲೆ ಕಿವಿಗೊಟ್ಟು ಕುಳಿತಿದ್ದೆವು. ಬೆರಳುಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಎಲ್ಲಿಯೂ ತುಂಡಾಗಲಿಲ್ಲ. ಪಲ್ಲವಿ, ಹೇಮಾವತಿ, ಸುಷ್ಮಿತಾ ಮೂವರೂ ಪಾಸಾದರು. ಕೆಂಚಕ್ಕ ಎರಡನೆಯ ಸಲಕ್ಕೆ ಪಾಸಾದಳು. “ನನಗೆ ಪರೀಕ್ಷೆ ರುಚಿ ಹತ್ತಿತ್ತು, ಅದ್ಕೇ ಎರಡ್ಸಲ ಬರೆದೆ” ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು.

ಆಗಿನಿಂದ ಎಷ್ಟು ಹೆಣ್ಣುಮಕ್ಕಳು ಆ ಮೇಜಿನ ಮುಂದೆ ಕುಳಿತು ಎದ್ದು ಹೋದರೋ. ಪಲ್ಲವಿ ಈಗ ಇದೇ ಊರಿನ ಸೊಸೈಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಅವಳ ಮೇಜಿನ ಕೆಳಗೂ ನಮ್ಮ ಅಂಗಡಿಯ ಬಳೆಗಳೇ.

ಹೋದ ವರ್ಷ ಮರುಳಸಿದ್ದಮ್ಮ ಹಳೆಯವನ್ನು ತೆಗೆದು ಚಪ್ಪಟೆ ಪರದೆಯ ಹೊಸ ಮಿಷನ್ನುಗಳನ್ನು ತಂದಳು. ಜೋಡಿಸಲು ಬಂದ ಮೆಕ್ಯಾನಿಕ್ಕು ವೈರು ಮುಚ್ಚುವ ಬಿಳಿ ಪಟ್ಟಿಗಳನ್ನೂ ತಂದಿದ್ದ. ಮೇಜಿನ ಕೆಳಗೆ ತಲೆ ಹಾಕಿ, “ಇದೇನ್ರಿ ಮೇಡಂ, ಬಳೆ! ಇವನ್ನೆಲ್ಲಾ ಕಿತ್ತು ನೀಟಾಗಿ ಪಟ್ಟಿ ಹೊಡೆದು ಕೊಡ್ತೀನಿ” ಎಂದು ಇಕ್ಕಳ ಕೈಗೆತ್ತಿಕೊಂಡ. ಹೊಸ್ತಿಲಲ್ಲಿ ಕುಳಿತಿದ್ದ ಹಾಲಮ್ಮನಿಗೆ ಈಗ ಕಣ್ಣು ಮಂಜು, ಸೊಂಟ ಬಗ್ಗಿದೆ. ಮರುಳಸಿದ್ದಮ್ಮ ಬಾಯಿ ತೆರೆಯುವ ಮೊದಲೇ ಮುದುಕಿ ಕೋಲು ಊರಿ ಎದ್ದಳು.

“ಕೀಳಬ್ಯಾಡ ಕಣಪ್ಪ” ಎಂದಳು. “ನಮ್ಮ ಸೊಸೆ ಬಳೆ ಅವು. ಗಟ್ಟಿ ಅವೆ.”